ಮನೆಯಲ್ಲೇ ಸಿಎನ್‌ಸಿ ಮಾಡಿಕೊಳ್ಳಲು ಹಳೆಯ ಮಿಲ್ಲಿಂಗ್ ಯಂತ್ರ: ಈ ಮೂರರಲ್ಲಿ ಯಾವುದು?

ಗ್ಯಾರೇಜ್ ಗಿರಾಕಿ · ಶನಿವಾರ ರಾತ್ರಿ 10:40

ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಮೂಲೆಯಲ್ಲಿ ಕುಳಿತು ಓದುತ್ತಿದ್ದವನು ಮೊದಲ ಬಾರಿಗೆ ಬರೆಯುತ್ತಿದ್ದೇನೆ. ಊರು ಮೈಸೂರು, ಹೊಟ್ಟೆಪಾಡು ಎಲೆಕ್ಟ್ರಾನಿಕ್ಸ್, ಹುಚ್ಚು ದೂರದರ್ಶಕ. ಮೌಂಟ್‌ಗೆ ಬೇಕಾದ ಅಲ್ಯೂಮಿನಿಯಂ ಬ್ರಾಕೆಟ್, ವರ್ಮ್ ಗೇರಿನ ಪೆಟ್ಟಿಗೆ, ಇಂಥವನ್ನು ಹೊರಗೆ ಮಾಡಿಸಿ ಮಾಡಿಸಿ ಸಾಕಾಯಿತು. ಒಂದೇ ತುಂಡು ಎಂದರೆ ಯಾರೂ ಮುಖ ಕೊಟ್ಟು ಮಾತನಾಡುವುದಿಲ್ಲ, ನೂರು ಇದ್ದರೆ ತನ್ನಿ ಎನ್ನುತ್ತಾರೆ. ನನ್ನ ಹತ್ತಿರ ಇರುವುದೇ ಒಂದು ದೂರದರ್ಶಕ.

ಹಾಗಾಗಿ ಹಳೆಯ ಮಿಲ್ಲಿಂಗ್ ಯಂತ್ರ (ತಿರುಗುವ ಕಟರ್‌ನಿಂದ ಲೋಹ ಕೊರೆಯುವಂಥದ್ದು) ಕೊಂಡು ಸಿಎನ್‌ಸಿ, ಅಂದರೆ ಕಂಪ್ಯೂಟರ್ ಓಡಿಸುವಂತೆ, ಮಾಡಿಕೊಳ್ಳುವ ಯೋಚನೆ. ಜಾಗ: ಮನೆಯ ಗ್ಯಾರೇಜ್, 10 ಅಡಿಗೆ 18 ಅಡಿ. ಕರೆಂಟು: ಸಿಂಗಲ್ ಫೇಸ್. ಎಲ್ಲ ಸೇರಿ ಮೂರೂವರೆ ಲಕ್ಷ ದಾಟಬಾರದು, ದಾಟಿದರೆ ಮನೆಯಲ್ಲಿ ನನ್ನ ಹೆಡ್ಡೇ ಕಳಚುತ್ತಾರೆ. ನೋಡಿಟ್ಟಿರುವುದು ಮೂರು.

ಒಂದು, ಪೀಣ್ಯದಲ್ಲಿ ಬಾಗಿಲು ಹಾಕುತ್ತಿರುವ ವರ್ಕ್‌ಶಾಪ್‌ನ ಎಚ್‌ಎಂಟಿ ಎಫ್‌ಎನ್2ವಿ. 2,40,000 ಕೇಳುತ್ತಿದ್ದಾರೆ. ಹೊಸದಾಗಿ ಹಸಿರು ಬಣ್ಣ ಹೊಡೆಸಿದ್ದಾರೆ, ನೋಡಲು ಮದುವಣಗಿತ್ತಿಯಂತಿದೆ. ಎರಡು, ನಂಜನಗೂಡಿನ ಟೂಲ್‌ರೂಮಿನಲ್ಲಿರುವ ಲುಧಿಯಾನ ಕಡೆಯ ಟರೆಟ್ ಮಿಲ್ಲಿಂಗ್ (ಹೆಡ್ ಬೇಕಾದ ಕಡೆ ತಿರುಗುವಂಥದ್ದು), ಅವರ ಬಾಯಲ್ಲಿ ಎಂ1ಟಿಆರ್. 1,50,000. ಬಣ್ಣ ಹೋಗಿದೆ, ಎಣ್ಣೆ ಸುರಿಯುತ್ತದೆ. ಮೂರು, ಒಂದು ಕಾಲೇಜು ಗುಜರಿಗೆ ಹಾಕುತ್ತಿರುವ, ವಿದ್ಯಾರ್ಥಿಗಳಿಗೆ ಕಲಿಸಲು ತಂದಿದ್ದ ಪುಟ್ಟ ಸಿಎನ್‌ಸಿ ಮಿಲ್ಲಿಂಗ್. ಕಂಟ್ರೋಲ್ ಸತ್ತು ಹನ್ನೆರಡು ವರ್ಷವಾಯಿತಂತೆ. 60,000.

ನಮ್ಮ ಜಾಲಹಳ್ಳಿಯಲ್ಲಿ ಹುಟ್ಟಿದ ಯಂತ್ರ ಎಂಬ ಅಭಿಮಾನಕ್ಕೆ ಮನಸ್ಸು ಮೊದಲನೆಯದರ ಕಡೆಗೇ ವಾಲುತ್ತಿದೆ. ನೆಮಾ 23 ಅಳತೆಯ ಪುಟ್ಟ ಸ್ಟೆಪ್ಪರ್ ಮೋಟರ್ ಮೂರು, ಡ್ರೈವರ್, ಪವರ್ ಸಪ್ಲೈ ಈಗಾಗಲೇ ತರಿಸಿಟ್ಟಿದ್ದೇನೆ. ಹೇಳಿ.

ಸುಮ್ಮನೆ ಓದುವವ · ಶನಿವಾರ ರಾತ್ರಿ 10:52

ಮೋಟರ್ ಬಂದಿದೆ, ಯಂತ್ರ ಬಂದಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ.

ಪೀಣ್ಯದ ಫಿಟ್ಟರ್ · ಭಾನುವಾರ ಬೆಳಿಗ್ಗೆ 6:15

ಮೊದಲು ಒಂದು ತಿದ್ದುಪಡಿ. ಎಫ್‌ಎನ್2 ಜಾಲಹಳ್ಳಿಯ ಕೂಸಲ್ಲ. ಎಚ್‌ಎಂಟಿ 1953ರಲ್ಲಿ ಜಾಲಹಳ್ಳಿಯಲ್ಲಿ ಶುರುವಾದದ್ದು ನಿಜ. ಆದರೆ ಎಫ್‌ಎನ್ ಸರಣಿಯ ಮಿಲ್ಲಿಂಗ್ ಯಂತ್ರಗಳಿಗೆ ಹೆಸರಾದದ್ದು ಹರಿಯಾಣದ ಪಿಂಜೋರ್ ಘಟಕ, 1963ರದ್ದು. ಅಭಿಮಾನಕ್ಕೆ ಕೊಳ್ಳುವುದಾದರೆ ಬೇರೆ ಕಾರಣ ಹುಡುಕಿ.

ಈಗ ವಿಷಯ. ಮೂವತ್ತು ವರ್ಷ ಇದೇ ಕೆಲಸ ಮಾಡಿದವನ ಮಾತು ಎಂದು ಕೇಳಿ. ಹಳೆಯ ಯಂತ್ರ ನೋಡಲು ಹೋಗುವಾಗ ಹಣ ಮನೆಯಲ್ಲಿ ಬಿಟ್ಟು ಹೋಗಿ, ಮ್ಯಾಗ್ನೆಟಿಕ್ ಸ್ಟ್ಯಾಂಡ್ ಮತ್ತು ಪಪ್ಪಿ ಡಯಲ್ (ಕೂದಲೆಳೆಯಷ್ಟು ಅಲುಗಾಟವನ್ನೂ ಮುಳ್ಳಿನಲ್ಲಿ ತೋರಿಸುವ ಅಳತೆ ಸಾಧನ) ಹಿಡಿದು ಹೋಗಿ. ಬಣ್ಣ ನೋಡಬೇಡಿ. ಮಾರುವ ವಾರ ಬಣ್ಣ ಹೊಡೆಸಿದ ಯಂತ್ರವೆಂದರೆ ಮೇಲೆ ಥಳಕು, ಒಳಗೆ ಹುಳುಕು ಎಂದೇ ಹಿಡಿದು ನೋಡಲು ಶುರುಮಾಡಿ.

ಟೇಬಲ್ ಅನ್ನು ಸರಿಯಾಗಿ ನಡುವಿಗೆ ತನ್ನಿ. ಡಯಲ್ ಸ್ಟ್ಯಾಂಡ್ ಸ್ಯಾಡಲ್ (ಟೇಬಲ್ ಕೂರುವ ಕೆಳಗಿನ ಭಾಗ) ಮೇಲಿರಲಿ, ಮುಳ್ಳು ಟೇಬಲ್ ಪಕ್ಕಕ್ಕೆ ತಾಗಲಿ. ಟೇಬಲ್‌ನ ತುದಿ ಹಿಡಿದು ನಿಮ್ಮ ಕಡೆಗೆ ಎಳೆಯಿರಿ, ಆಚೆಗೆ ನೂಕಿ. ಮುಳ್ಳು ಎಷ್ಟು ಓಡುತ್ತದೆ ಬರೆದುಕೊಳ್ಳಿ. ಈಗ ಗಿಬ್ (ಸ್ಲೈಡಿನ ಸಡಿಲ ತುಂಬುವ ಪಟ್ಟಿ) ಸ್ಕ್ರೂವನ್ನು ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತಾ ಆ ಓಡಾಟವನ್ನು 0.02 ಮಿ.ಮೀ.ಗೆ ಇಳಿಸಿ. ಆಮೇಲೆ ಹ್ಯಾಂಡಲ್ ತಿರುಗಿಸಿ ಟೇಬಲ್ ಅನ್ನು ಎಡತುದಿಗೆ ಒಯ್ಯಿರಿ, ಬಲತುದಿಗೆ ಒಯ್ಯಿರಿ. ಒಂದೇ ಹದದಲ್ಲಿ ಹೋದರೆ ಯಂತ್ರ ಬದುಕಿದೆ. ತುದಿಗೆ ಹೋಗುತ್ತಾ ಹ್ಯಾಂಡಲ್ ಬಿಗಿಯಾಗಿ ಹಿಡಿದುಕೊಂಡರೆ ನಡುವಿನ ಸ್ಲೈಡ್ ಸವೆದಿದೆ, ತುದಿ ಸವೆದಿಲ್ಲ ಎಂದರ್ಥ. ತುಂಡು ಹಿಡಿಯುವ ವೈಸ್ ಯಾವಾಗಲೂ ನಡುವಿನಲ್ಲೇ ಇರುತ್ತದಲ್ಲ, ಇಪ್ಪತ್ತು ವರ್ಷ ಅಲ್ಲೇ ಓಡಾಡಿ ಅಲ್ಲೇ ತಿಂದಿರುತ್ತದೆ. ಇದಕ್ಕೆ ಮೋಟರ್, ಬಾಲ್ ಸ್ಕ್ರೂ (ಗುಂಡುಗಳ ಮೇಲೆ ಸಡಿಲವಿಲ್ಲದೆ ಓಡುವ ತಿರುಪು), ಸಾಫ್ಟ್‌ವೇರ್ ಯಾವುದೂ ಮದ್ದಲ್ಲ.

ಬ್ಯಾಕ್‌ಲಾಶ್ (ದಿಕ್ಕು ಬದಲಿಸುವಾಗಿನ ಸ್ಕ್ರೂವಿನ ಸಡಿಲ) ನೋಡಿ ಹೆದರಬೇಡಿ, ಸ್ಕ್ರೂ ಬದಲಾಯಿಸಬಹುದು. ಬೆಡ್ ಬದಲಾಯಿಸಲು ಆಗುವುದಿಲ್ಲ.

ಕಬ್ಬಿಣದ ಕಡಲೆ · ಭಾನುವಾರ ಬೆಳಿಗ್ಗೆ 8:03

ಫಿಟ್ಟರ್ ಅವರು ಹೇಳಿದ ಪರೀಕ್ಷೆ ಸರಿ, ಆದರೆ ಪ್ರಶ್ನೆಯೇ ತಪ್ಪು. ಕೈಯಿಂದ ನಡೆಸುವ ಯಂತ್ರವನ್ನು ಸಿಎನ್‌ಸಿ ಮಾಡಲು ಹೊರಟಿದ್ದೇಕೆ?

ಎಫ್‌ಎನ್2ವಿಯ ಬೆಲೆ ಎಲ್ಲಿ ಕುಳಿತಿದೆ? ಟೇಬಲ್ ತಾನಾಗಿ ಓಡಿಸುವ ಫೀಡ್ ಗೇರ್‌ಬಾಕ್ಸ್‌ನಲ್ಲಿ, ರ‍್ಯಾಪಿಡ್‌ನಲ್ಲಿ, ಕ್ಲಚ್‌ಗಳಲ್ಲಿ. ಸಿಎನ್‌ಸಿ ಮಾಡುವಾಗ ಮೊದಲು ಬಿಚ್ಚಿ ಗುಜರಿಗೆ ಹಾಕುವುದೂ ಅದನ್ನೇ. ಅಂದರೆ ದುಡ್ಡು ಕೊಟ್ಟು ಗೇರ್‌ಬಾಕ್ಸ್ ತಂದು, ಕೂಲಿ ಕೊಟ್ಟು ಬಿಚ್ಚಿಸಿ, ಕೆ.ಜಿ. ಲೆಕ್ಕದಲ್ಲಿ ಮಾರುತ್ತೀರಿ. ಕಾಲೇಜಿನ ಯಂತ್ರದಲ್ಲಿ ಬಾಲ್ ಸ್ಕ್ರೂ ಇದೆ, ಎಣ್ಣೆಯ ಕೊಳವೆ ಇದೆ, ಲಿಮಿಟ್ ಸ್ವಿಚ್ ಇದೆ, ಸುತ್ತ ಡಬ್ಬಿ ಇದೆ. ಸತ್ತಿರುವುದು ಕಂಟ್ರೋಲ್ ಮಾತ್ರ, ಅದು ಎಲೆಕ್ಟ್ರಾನಿಕ್ಸ್, ಅದೇ ನಿಮ್ಮ ಕಸುಬು. ಕಣ್ಣು ಮುಚ್ಚಿ ಮೂರನೆಯದನ್ನು ತನ್ನಿ.

ಉದ್ಯಮಬಾಗ · ಭಾನುವಾರ ಬೆಳಿಗ್ಗೆ 8:20

ಕಣ್ಣು ಮುಚ್ಚಿ ತಂದವರ ಯಂತ್ರಗಳನ್ನು ಕಣ್ಣು ತೆರೆದು ಕರಗಿಸುವುದೇ ನಮ್ಮ ಬೆಳಗಾವಿಯ ಫೌಂಡ್ರಿಗಳ ಕೆಲಸ.

ವರ್ನಿಯರ್ · ಭಾನುವಾರ ಬೆಳಿಗ್ಗೆ 9:44

ಕಾಲೇಜಿನ ಯಂತ್ರಗಳ ಬಗ್ಗೆ ಎರಡು ಮಾತು, ಏಕೆಂದರೆ ನಾನು ತರಬೇತಿ ಕೇಂದ್ರದಲ್ಲಿ ಇಪ್ಪತ್ತೆರಡು ವರ್ಷ ಇವುಗಳ ಮುಂದೆಯೇ ನಿಂತಿದ್ದೆ.

ಇವು ದುಡಿದು ಸವೆಯುವ ಯಂತ್ರಗಳಲ್ಲ, ಕುಳಿತು ಕೆಡುವ ಯಂತ್ರಗಳು. ವರ್ಷಕ್ಕೆ ಮೂರು ತಿಂಗಳು ಮೇಣ ಕೊರೆಯುತ್ತವೆ, ಪರೀಕ್ಷೆಯ ದಿನ ಅಲ್ಯೂಮಿನಿಯಂ. ಉಳಿದ ಕಾಲ ಮುಸುಕು ಹೊದ್ದಿರುತ್ತವೆ. ಮುಸುಕಿನ ಕೆಳಗೆ ಕೂಲಂಟ್ ಒಣಗಿ ಬಾಲ್ ನಟ್ಟಿನೊಳಗೆ ಅಂಟಾಗಿರುತ್ತದೆ. ಇನ್ನೊಂದು, ಯಾರಾದರೂ ಒಬ್ಬ ಹುಡುಗ ಸೊನ್ನೆ ತಪ್ಪು ಹಾಕಿ, ಕಟರ್ ತಿರುಗಿಸುವ ಸ್ಪಿಂಡಲ್ ಅನ್ನು ವೈಸ್‌ಗೆ ಗುದ್ದಿಸಿಯೇ ಇರುತ್ತಾನೆ. ಪ್ರತಿ ಬ್ಯಾಚಿನಲ್ಲೂ ಒಬ್ಬ ಇರುತ್ತಾನೆ. ಹೋದಾಗ ಟೇಬಲ್‌ನ ಮೇಲ್ಮೈಯಲ್ಲಿ ಅರ್ಧಚಂದ್ರದ ಗಾಯಗಳನ್ನು ಎಣಿಸಿ. ಮೋಟರ್ ಕಳಚಿ ಸ್ಕ್ರೂವನ್ನು ಬೆರಳಿನಿಂದ ತಿರುಗಿಸಿ. ಬೆಣ್ಣೆಯಂತೆ ತಿರುಗಬೇಕು. ಮರಳು ಸಿಕ್ಕಿದಂತೆ ಕರಕರ ಎಂದರೆ ಆ ಸ್ಕ್ರೂ ಲೆಕ್ಕಕ್ಕಿಲ್ಲ, ಆಗ 60,000 ಅಗ್ಗವೂ ಅಲ್ಲ.

ಟೇಬಲ್ ಎಷ್ಟು ಓಡುತ್ತದೆ ಎಂದು ಅಳೆದಿದ್ದೀರಾ? ನಿಮ್ಮ ಮೌಂಟ್‌ನ ಅತಿ ದೊಡ್ಡ ತುಂಡು ಎಷ್ಟಿದೆ?

ಗ್ಯಾರೇಜ್ ಗಿರಾಕಿ · ಭಾನುವಾರ ಬೆಳಿಗ್ಗೆ 10:10

ವರ್ನಿಯರ್ ಸರ್, ತುಂಬಾ ಧನ್ಯವಾದ. ದೊಡ್ಡ ತುಂಡು 340 ಮಿ.ಮೀ. ಉದ್ದ. ಕಾಲೇಜಿನ ಯಂತ್ರದ ಎಕ್ಸ್ (ಎಡಬಲದ) ಓಟ 225. ಈಗ ನೋಡಿದೆ.

ವರ್ನಿಯರ್ · ಭಾನುವಾರ ಬೆಳಿಗ್ಗೆ 10:14

ಸರ್ ಅಲ್ಲ, ಮೇಡಂ. 340 ಅನ್ನು 225ರಲ್ಲಿ ಹೇಗೆ ಕೂರಿಸುತ್ತೀರಿ?

ಕಬ್ಬಿಣದ ಕಡಲೆ · ಭಾನುವಾರ ಬೆಳಿಗ್ಗೆ 10:31

ಎರಡು ಬಾರಿ ಹಿಡಿದು ಕೊರೆಯಬಹುದು ಮೇಡಂ, ಲೋಕವೇನೂ ಮುಳುಗುವುದಿಲ್ಲ. ಜಾಗ ತಪ್ಪದಂತೆ ಡೋವೆಲ್ ಪಿನ್ ಹಾಕಿ ಸರಿಸಿದರೆ ಆಯಿತು.

ವರ್ನಿಯರ್ · ಭಾನುವಾರ ಬೆಳಿಗ್ಗೆ 10:40

ಮಾಡಬಹುದು. ನೀವು ಮಾಡುತ್ತೀರಿ, ನಾನು ಮಾಡುತ್ತೇನೆ. ಮೊದಲ ಯಂತ್ರ ಕೊಳ್ಳುತ್ತಿರುವವರಿಗೆ ಮೊದಲ ದಿನವೇ ಆ ಸರ್ಕಸ್ ಕಲಿಸಬೇಕೇ?

ಸರ್ಕೀಟು · ಭಾನುವಾರ ಮಧ್ಯಾಹ್ನ 12:25

ಎಲ್ಲರೂ ಕಬ್ಬಿಣದ ಬಗ್ಗೆಯೇ ಮಾತನಾಡುತ್ತಿದ್ದೀರಿ. ಸಿಂಗಲ್ ಫೇಸ್ ಎಂದು ಅವರು ಬರೆದದ್ದನ್ನು ಯಾರೂ ಓದಲಿಲ್ಲವೇ?

230 ವೋಲ್ಟ್ ಸಿಂಗಲ್ ಫೇಸ್ ತೆಗೆದುಕೊಳ್ಳುವ ವಿಎಫ್‌ಡಿ (ಮೋಟರ್‌ನ ವೇಗ ಬದಲಿಸುವ ಪೆಟ್ಟಿಗೆ) ಹೊರಗೆ ಕೊಡುವುದು ಮೂರು ಫೇಸ್, ಆದರೆ ಅದೂ 230 ವೋಲ್ಟೇ. ನಮ್ಮ ಯಂತ್ರಗಳ ಮೋಟರ್ 415ರದ್ದು. 3 ಎಚ್‌ಪಿವರೆಗಿನವನ್ನು ಸಾಮಾನ್ಯವಾಗಿ ಒಳಗೇ ಸ್ಟಾರ್ ಕಟ್ಟಿ (ಮೂರೂ ಸುರುಳಿಗಳ ಒಂದೊಂದು ತುದಿಯನ್ನು ಒಂದೇ ಗಂಟು ಮಾಡಿ) ಮೂರು ವೈರ್ ಮಾತ್ರ ಹೊರಗೆ ಬಿಟ್ಟಿರುತ್ತಾರೆ. ಅದನ್ನು ಹಾಗೆಯೇ ವಿಎಫ್‌ಡಿಗೆ ಜೋಡಿಸಿದರೆ ತಿರುಗುತ್ತದೆ, ಆದರೆ ಸುಮಾರು 28 ಹರ್ಟ್ಸ್ ದಾಟುತ್ತಲೇ ಬಲ ಇಳಿಯುತ್ತದೆ. ಕಟರ್ ಲೋಹಕ್ಕೆ ತಾಗಿದ ಕೂಡಲೇ ಉಸಿರು ಬಿಡುತ್ತದೆ.

ದಾರಿ ಇದೆ. ವೈಂಡಿಂಗ್ ಅಂಗಡಿಗೆ ಒಯ್ದು ಒಳಗಿನ ಸ್ಟಾರ್ ಗಂಟು ಬಿಚ್ಚಿಸಿ ಆರು ವೈರ್ ಹೊರಗೆ ತೆಗೆಸಿ. ಡೆಲ್ಟಾ, ಅಂದರೆ ಸುರುಳಿಗಳನ್ನು ತ್ರಿಕೋನವಾಗಿ, ಕಟ್ಟಿದರೆ 230ಕ್ಕೆ ಪೂರ್ತಿ ಬಲ ಬರುತ್ತದೆ. ಒಂದೂವರೆ ಗಂಟೆಯ ಕೆಲಸ. ಅಂಗಡಿಯವರು ‘ಪೂರ್ತಿ ರೀವೈಂಡ್ ಮಾಡಬೇಕು’ ಎಂದರೆ ಎದ್ದು ಬನ್ನಿ. ಎಫ್‌ಎನ್2ವಿಯ ದೊಡ್ಡ ಮೋಟರ್‌ಗೆ ಈ ಆಟ ನಡೆಯುವುದಿಲ್ಲ, ಅದಕ್ಕೆ ಮೂರು ಫೇಸ್ ಸಂಪರ್ಕವೇ ಬೇಕು. ಟರೆಟ್‌ನ ಮೋಟರ್ ಚಿಕ್ಕದು, ಅದಕ್ಕೆ ನಡೆಯುತ್ತದೆ.

ಇನ್ನು ಆ ನೆಮಾ 23. ಎಫ್‌ಎನ್2ವಿಯ ಟೇಬಲ್‌ಗೆ ಅದನ್ನು ಕಟ್ಟುವುದೂ ಮೈಸೂರು ಅಂಬಾರಿ ಎಳೆಯಲು ಕುರಿಮರಿ ಕಟ್ಟುವುದೂ ಒಂದೇ.

ಹರಿಹರದವ · ಭಾನುವಾರ ಮಧ್ಯಾಹ್ನ 12:50

ಅಂಬಾರಿಯನ್ನು ಎಳೆಯುವುದಿಲ್ಲ, ಹೊರುತ್ತಾರೆ.

ಇರಲಿ. ಲೇತ್ ಬೇಕಾದರೆ ಮಾತ್ರ ನನ್ನನ್ನು ಕೇಳಿ. ನಮ್ಮೂರಿನಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್‌ನ ಲೇತ್‌ಗಳು ಇವತ್ತಿಗೂ ದಾವಣಗೆರೆ, ಹುಬ್ಬಳ್ಳಿಯ ಶೆಡ್ಡುಗಳಲ್ಲಿ ಓಡುತ್ತಿವೆ. ನನ್ನ ತಂದೆ ಅಲ್ಲಿ ಸ್ಕ್ರೇಪಿಂಗ್ ಮಾಡುತ್ತಿದ್ದರು. ಬೆಡ್‌ಗೆ ನೀಲಿ ಹಚ್ಚಿ, ಒತ್ತಿ, ಎದ್ದ ಚುಕ್ಕಿಗಳನ್ನು ಕೆರೆದು, ಮತ್ತೆ ನೀಲಿ ಹಚ್ಚಿ, ಇಡೀ ದಿನ ಅದೇ. ಮನೆಗೆ ಬಂದಾಗ ಉಗುರಿನ ಸಂದಿಯಲ್ಲಿ ನೀಲಿ ಇರುತ್ತಿತ್ತು. ಅನ್ನ ಕಲಸುವಾಗ ಅಮ್ಮ ಬೈಯುತ್ತಿದ್ದರು.

ಪೀಣ್ಯದ ಫಿಟ್ಟರ್ · ಭಾನುವಾರ ಮಧ್ಯಾಹ್ನ 1:05

ಹರಿಹರದವರೇ, ಅಂಥ ಕೈಗಳು ಈಗ ಬೆರಳೆಣಿಕೆ. ಈಗ ಎಲ್ಲರೂ ಬೆಡ್ ಗ್ರೈಂಡ್ ಮಾಡಿಸಿ, ಸ್ಯಾಡಲ್ ಕೆಳಗೆ ಟರ್ಕೈಟ್ ಎಂಬ ಜಾರುವ ಪ್ಲಾಸ್ಟಿಕ್ ಹಾಳೆ ಅಂಟಿಸಿ ಮುಗಿಸುತ್ತಾರೆ. ತಪ್ಪಲ್ಲ, ಆದರೆ ಆ ಹಾಳೆಗೂ ಕೊನೆಗೆ ಕೆರೆಯುವ ಕೈ ಬೇಕೇ ಬೇಕು.

ಸಿವಿಲ್ ಸಾಹುಕಾರ · ಭಾನುವಾರ ಸಂಜೆ 5:30

ಯಂತ್ರದ ವಿಷಯ ನನಗೆ ತಿಳಿಯದು, ನೆಲದ ವಿಷಯ ತಿಳಿಯುತ್ತದೆ. ಗ್ಯಾರೇಜ್ ಕೆಳಗೆ ಸಂಪ್ ಇದೆಯೇ?

ಗ್ಯಾರೇಜ್ ಗಿರಾಕಿ · ಭಾನುವಾರ ಸಂಜೆ 5:41

ಅಯ್ಯೋ. ಇದೆ. ಗೇಟಿನ ಕಡೆಯ ಅರ್ಧ ಭಾಗ ಪೂರ್ತಿ ಸಂಪ್ ಮೇಲೆಯೇ ಇದೆ. ಕಾರು ನಿಲ್ಲುತ್ತದಲ್ಲ, ಯಂತ್ರ ನಿಲ್ಲುವುದಿಲ್ಲವೇ?

ಸಿವಿಲ್ ಸಾಹುಕಾರ · ಭಾನುವಾರ ಸಂಜೆ 6:02

ಕಾರು ನಾಲ್ಕು ಚಕ್ರದ ಮೇಲೆ ಭಾರ ಹಂಚಿಕೊಂಡು ನಿಲ್ಲುತ್ತದೆ, ಬೆಳಿಗ್ಗೆ ಎದ್ದು ಹೋಗುತ್ತದೆ. ನಿಮ್ಮ ಎಫ್‌ಎನ್2ವಿ ಎರಡು ಟನ್‌ಗೂ ಮೀರಿದ ಭಾರವನ್ನು ಒಂದು ಚಾಪೆಯಷ್ಟು ಜಾಗದಲ್ಲಿ ಇಟ್ಟು, ಅಲ್ಲೇ ಕುಳಿತು ಅದುರುತ್ತದೆ. ವಾಸದ ಕೋಣೆಗಳ ಸ್ಲ್ಯಾಬ್‌ಗೆ ನಾವು ಹಿಡಿಯುವ ಬಳಕೆಯ ಭಾರ ಚದರ ಮೀಟರ್‌ಗೆ 2 ಕಿಲೋನ್ಯೂಟನ್, ಎಂದರೆ ಸುಮಾರು 200 ಕೆ.ಜಿ. ಸಂಪ್ ಮುಚ್ಚಳಕ್ಕೆ ಕಟ್ಟುವ ಮೇಸ್ತ್ರಿ ಕಾರು ನೆನೆದು ಸ್ವಲ್ಪ ಹೆಚ್ಚು ಕಂಬಿ ಹಾಕಿರಬಹುದು, ಹಾಕದೆಯೂ ಇರಬಹುದು. ಆ ಕಂಬಿಯನ್ನು ನೋಡಿದವರು ಯಾರು?

ಒಳಗಿನ ಅರ್ಧಭಾಗ ಗಟ್ಟಿ ನೆಲವಾಗಿದ್ದರೆ ಟೈಲ್ಸ್ ಒಡೆದು, ಆರು ಇಂಚು ಕಾಂಕ್ರೀಟ್ ಹಾಕಿ, ಅಲ್ಲಿ ಕೂರಿಸಿ. ಆದರೆ ಅಲ್ಲಿಗೆ ಹೋಗಬೇಕಾದರೆ ಸಂಪ್ ಮೇಲೆಯೇ ಹಾದು ಹೋಗಬೇಕು. ಆ ಒಂದು ದಿನ ಸಂಪ್‌ನೊಳಗೆ ಸರ್ವೆ ಮರದ ಊರುಗೋಲು ಕೊಡಿಸಿ.

ಸುಮ್ಮನೆ ಓದುವವ · ಭಾನುವಾರ ಸಂಜೆ 6:10

ಮಿಲ್ಲಿಂಗ್ ಯಂತ್ರ ಕೊಳ್ಳಲು ಮೊದಲು ಸಂಪ್ ಖಾಲಿ ಮಾಡಬೇಕು ಎಂದು ಇವತ್ತೇ ತಿಳಿದದ್ದು.

ಮಿಶಿಗನ್ ಮಂಡ್ಯ · ಭಾನುವಾರ ರಾತ್ರಿ 8:15

ನಾನಿಲ್ಲಿ ಆರು ವರ್ಷದ ಹಿಂದೆ ಇದೇ ಹಾದಿಯಲ್ಲಿ ನಡೆದವನು. ಈ ಕಡೆ ಗ್ಯಾರೇಜ್ ಹುಚ್ಚರಿಗೆಲ್ಲ ಬ್ರಿಜ್‌ಪೋರ್ಟ್ ಎಂದರೆ ಕುಲದೇವರು. 1938ರಲ್ಲಿ ಕನೆಕ್ಟಿಕಟ್‌ನಲ್ಲಿ ಹುಟ್ಟಿದ ವಿನ್ಯಾಸ, ನೀವು ನೋಡಿರುವ ಟರೆಟ್ ಯಂತ್ರವೂ ಅದರ ಸಂತಾನವೇ. ತೂಕ ಒಂದು ಟನ್ ಆಸುಪಾಸು.

ಸಾಗಿಸುವಾಗ ಒಂದು ಉಪಾಯ: ಹೆಡ್ ಅನ್ನು ನಿಧಾನವಾಗಿ ತಿರುಗಿಸಿ ತಲೆಕೆಳಗು ಮಾಡಿ, ರ‍್ಯಾಮ್ (ಹೆಡ್ ಹೊತ್ತ ತೋಳು) ಹಿಂದಕ್ಕೆ ತಳ್ಳಿ, ನೀ ಅನ್ನು ಪೂರ್ತಿ ಕೆಳಗಿಳಿಸಿ. ಭಾರವೆಲ್ಲ ಕೆಳಕ್ಕೆ ಬರುತ್ತದೆ, ಮಗುಚುವ ಭಯ ಕಡಿಮೆ. ನಾನು ಇದನ್ನು ಮಾಡದೆ ತಂದು, ತಿರುವಿನಲ್ಲಿ ಟ್ರೈಲರ್ ಮೇಲೆ ಅದು ಓಲಾಡಿದ್ದು ಕಂಡು, ಮಂಡ್ಯದ ಅಷ್ಟೂ ದೇವರಿಗೆ ಹರಕೆ ಹೊತ್ತಿದ್ದೇನೆ. ತೀರಿಸುವುದು ಬಾಕಿ ಇದೆ.

ಉದ್ಯಮಬಾಗ · ಭಾನುವಾರ ರಾತ್ರಿ 8:22

‘ನೀ ಅನ್ನು ಪೂರ್ತಿ ಕೆಳಗಿಳಿಸಿ’ ಎಂದು ಓದಿ ಒಂದು ಕ್ಷಣ ಯಾರನ್ನು ಇಳಿಸಬೇಕು ಎಂದು ಗಾಬರಿಯಾದೆ.

ವರ್ನಿಯರ್ · ಭಾನುವಾರ ರಾತ್ರಿ 8:30

ನನ್ನ ತರಗತಿಯಲ್ಲಿ ಪ್ರತಿ ವರ್ಷ ಇದೇ ನಗೆ. ‘ನೀ ಎಂದರೇನು’ ಎಂದು ಕೇಳಿದರೆ ‘ನಾನಲ್ಲ ಮೇಡಂ’ ಎನ್ನುತ್ತಿದ್ದರು. ಟೇಬಲ್ ಹೊತ್ತು ಹತ್ತಿಳಿಯುವ ಮೊಣಕಾಲು ಎಂದು ಹೇಳಿಕೊಟ್ಟ ಮೇಲೆ ಸುಮ್ಮನಾದರು.

ಕಬ್ಬಿಣದ ಕಡಲೆ · ಭಾನುವಾರ ರಾತ್ರಿ 9:00

ನಗುವುದು ಮುಗಿದಿದ್ದರೆ ಆ ಮೊಣಕಾಲಿನ ವಿಷಯಕ್ಕೇ ಬರುತ್ತೇನೆ. ಟರೆಟ್‌ನಲ್ಲಿ ಜೆಡ್, ಅಂದರೆ ಮೇಲೆ ಕೆಳಗಿನ, ಅಕ್ಷ ಯಾವುದು? ಕ್ವಿಲ್ (ಸ್ಪಿಂಡಲ್ ಹೊತ್ತು ಇಳಿಯುವ ಕೊಳವೆ) ಓಡಿಸಿದರೆ ಓಟ ಐದಿಂಚು, ಜೊತೆಗೆ ರ‍್ಯಾಕ್ ಪಿನಿಯನ್ನಿನ ಸಡಿಲ. ಮೊಣಕಾಲು ಓಡಿಸಿದರೆ ಟೇಬಲ್, ಸ್ಯಾಡಲ್, ವೈಸ್, ನಿಮ್ಮ ತುಂಡು, ಎಲ್ಲವನ್ನೂ ಹೊತ್ತು ಹತ್ತಿಳಿಯಬೇಕು. ಮೂಲದ ಸ್ಕ್ರೂ ತಾನಾಗಿ ಜಾರುವುದಿಲ್ಲ. ಅಲ್ಲಿ ಬಾಲ್ ಸ್ಕ್ರೂ ಹಾಕಿದಿರೋ, ಕರೆಂಟು ಹೋದ ಕೂಡಲೇ ಮೊಣಕಾಲು ನಿಧಾನವಾಗಿ ಕುಸಿದು ಕೂರುತ್ತದೆ. ಬ್ರೇಕ್ ಇರುವ ಮೋಟರ್ ಬೇಕು. ಮೈಸೂರಿನಲ್ಲಿ ಕರೆಂಟು ಹೋಗುವುದೇ ಇಲ್ಲವೆಂದು ಯಾರೂ ಹೇಳಬೇಡಿ.

ಅದಕ್ಕೇ ಹೇಳಿದ್ದು: ಸಿಎನ್‌ಸಿ ಆಗಿ ಹುಟ್ಟಿದ್ದನ್ನೇ ತನ್ನಿ.

ಪೀಣ್ಯದ ಫಿಟ್ಟರ್ · ಭಾನುವಾರ ರಾತ್ರಿ 9:35

ಕಡಲೆಯವರೇ, ಹುಟ್ಟಿನ ಮಾತು ಬಿಡಿ. ದುಡಿಮೆಯ ಮಾತಾಡಿ. ಆ ಪುಟ್ಟ ಯಂತ್ರದಲ್ಲಿ 10 ಮಿ.ಮೀ. ಎಂಡ್‌ಮಿಲ್ ಕಟರ್ ಹಾಕಿ ಒಂದು ಮಿಲಿಮೀಟರ್ ಆಳ ತೆಗೆಯುವಾಗ ಸ್ಪಿಂಡಲ್ ಹಾಡುವುದನ್ನು ಕೇಳಿದ್ದೀರಾ? ತೂಕವಿಲ್ಲದ ಯಂತ್ರ ನಡುಗುತ್ತದೆ, ನಡುಗಿದರೆ ಮೇಲ್ಮೈ ಮೀನಿನ ಹುರುಪೆಯಾಗುತ್ತದೆ. ನೀವು ಹೇಳಿದ ಬಾಲ್ ಸ್ಕ್ರೂ ಆಗ ಏನು ಮಾಡುತ್ತದೆ? ಅದೂ ಜೊತೆಗೆ ಹಾಡುತ್ತದೆ.

ಕಬ್ಬಿಣದ ಕಡಲೆ · ಭಾನುವಾರ ರಾತ್ರಿ 9:41

ಅರ್ಧ ಮಿಲಿಮೀಟರ್ ತೆಗೆಯಲಿ. ಅವರೇನು ಕಾಂಟ್ರಾಕ್ಟ್ ಹಿಡಿದಿದ್ದಾರೆಯೇ?

ವರ್ನಿಯರ್ · ಸೋಮವಾರ ಬೆಳಿಗ್ಗೆ 7:10

ಇಬ್ಬರ ಮಾತೂ ಅರ್ಧ ಸರಿ. ಗಿರಾಕಿಯವರೇ, ಬ್ರಾಕೆಟ್, ತಟ್ಟೆ, ಪೆಟ್ಟಿಗೆಗೆ ಮೂರು ಅಕ್ಷವೂ ಒಟ್ಟಿಗೆ ಓಡಬೇಕೆಂದಿಲ್ಲ. ಎಕ್ಸ್ ಮತ್ತು ವೈ ಮಾತ್ರ ಮೋಟರ್‌ಗೆ ಕೊಡಿ. ಆಳವನ್ನು ಕೈಯಿಂದ ಇಳಿಸಿ, ಲಾಕ್ ಮಾಡಿ, ಪ್ರೋಗ್ರಾಂ ಮುಂದುವರಿಸಿ. ಮೊಣಕಾಲಿನ ಜಗಳವೇ ಹುಟ್ಟುವುದಿಲ್ಲ. ಅನುಭವ ಬಂದ ಮೇಲೆ ಜೆಡ್ ನೋಡಿಕೊಳ್ಳಬಹುದು.

ಟರೆಟ್ ನೋಡಲು ಹೋದಾಗ ನಾಲ್ಕು ಕೆಲಸ ಮಾಡಿ. ಸ್ಪಿಂಡಲ್ ಬಾಯಿ ಯಾವ ಟೇಪರ್ (ಟೂಲ್ ಕೂರುವ ಓರೆ ರಂಧ್ರ) ಎಂದು ನೋಡಿ. ಆರ್8 ಅಥವಾ ಐಎಸ್‌ಒ ಆದರೆ ಡ್ರಾಬಾರ್ (ಮೇಲಿನಿಂದ ಎಳೆದು ಹಿಡಿಯುವ ಸರಳು) ಸಡಿಲಿಸಿ ಒಂದು ತಟ್ಟು ಕೊಟ್ಟರೆ ಟೂಲ್ ಹಿಡಿದ ಕಾಲೆಟ್ ಬಿಟ್ಟುಕೊಳ್ಳುತ್ತದೆ. ಮೋರ್ಸ್ ಆದರೆ ಸುತ್ತಿಗೆ ಏಟಿಗೂ ಬಿಗುಮಾನ ಬಿಡುವುದಿಲ್ಲ, ದಿನಕ್ಕೆ ಹತ್ತು ಬಾರಿ ಟೂಲ್ ಬದಲಿಸುವವರಿಗೆ ಅದು ಬೇಡ. ಟೇಪರ್ ಒಳಗೆ ಡಯಲ್ ಮುಳ್ಳಿಟ್ಟು ಸ್ಪಿಂಡಲ್ ಕೈಯಲ್ಲಿ ತಿರುಗಿಸಿ, 0.01 ಒಳಗಿದ್ದರೆ ಸಂತೋಷ. ಆಮೇಲೆ ಇಪ್ಪತ್ತು ನಿಮಿಷ ವೇಗವಾಗಿ ಓಡಿಸಿ ಬೇರಿಂಗ್ ಇರುವ ಕಡೆ ಅಂಗೈ ಇಡಿ. ಬಿಸಿ ಕಾಫಿ ಲೋಟದಷ್ಟು ಸುಟ್ಟರೆ ಕೈ ಮುಗಿದು ಬನ್ನಿ.

ನಾಲ್ಕನೆಯದು, ಹ್ಯಾಂಡಲ್ ಡಯಲ್ ಮೇಲಿನ ಗೆರೆಗಳನ್ನು ಎಣಿಸಿ. 250 ಇದ್ದರೆ 5 ಮಿ.ಮೀ. ಸ್ಕ್ರೂ. 200 ಇದ್ದರೆ ಇಂಚಿನದ್ದು, ಒಂದು ಸುತ್ತಿಗೆ 5.08. ಇದನ್ನು ಬರೆದಿಟ್ಟುಕೊಳ್ಳಿ.

ಕರಾವಳಿ ಗಾಳಿ · ಸೋಮವಾರ ಬೆಳಿಗ್ಗೆ 8:00

ಎಣ್ಣೆ ಸುರಿಯುತ್ತದೆ ಎಂದು ದೂರುತ್ತಿದ್ದೀರಲ್ಲ, ಅದು ಒಳ್ಳೆಯ ಲಕ್ಷಣ. ಸುರಿಯುವ ಯಂತ್ರಕ್ಕೆ ಯಾರೋ ಎಣ್ಣೆ ಹಾಕುತ್ತಿದ್ದಾರೆ. ನಾನು ಮಂಗಳೂರಿನಲ್ಲಿ ಬಿಚ್ಚಿದ ಒಂದು ಯಂತ್ರದಲ್ಲಿ ಎಣ್ಣೆಯ ನಿಪ್ಪಲ್‌ಗಳಿಗೆಲ್ಲ ಗ್ರೀಸ್ ತುಂಬಿದ್ದರು. ಅದು ಗಟ್ಟಿಯಾಗಿ ಕಾಲುವೆ ಮುಚ್ಚಿ, ಸ್ಲೈಡ್ ಒಣಗಿ, ಕಡಲ ಗಾಳಿಗೆ ತುಕ್ಕು ಹಿಡಿದು, ಬಿಚ್ಚುವಾಗ ಕಂಡದ್ದು ಕೆಮ್ಮಣ್ಣು.

ಸರ್ಕೀಟು · ಸೋಮವಾರ ಬೆಳಿಗ್ಗೆ 9:15

ಸಾಫ್ಟ್‌ವೇರ್ ಯಾವುದು ಎಂದು ಇನ್ನೂ ಕೇಳಿಲ್ಲ, ನಾನೇ ಹೇಳಿಬಿಡುತ್ತೇನೆ. ಲಿನಕ್ಸ್‌ಸಿಎನ್‌ಸಿ. ಉಚಿತ, ಗಟ್ಟಿ, ಎತರ್ನೆಟ್ ಮೇಲೆ, ಮೋಟರ್‌ಗಳಿಗೆ ಸಂಕೇತ ಕಳಿಸುವ ಮೆಸಾ ಕಾರ್ಡ್ ಹಾಕಿದರೆ ನಿಶ್ಚಿಂತೆ.

ಕಬ್ಬಿಣದ ಕಡಲೆ · ಸೋಮವಾರ ಬೆಳಿಗ್ಗೆ 9:20

ವಿಂಡೋಸ್‌ನಲ್ಲಿ ಓಡುವ ಮ್ಯಾಕ್3 ಹಾಕಿಕೊಳ್ಳಿ. ಅರ್ಧ ದಿನದಲ್ಲಿ ಓಡುತ್ತದೆ. ಲಿನಕ್ಸ್ ಎಂದರೆ ಯಂತ್ರ ಓಡುವುದಕ್ಕೆ ಮುಂಚೆ ಮೀಸೆ ಹಣ್ಣಾಗುತ್ತದೆ.

ಸರ್ಕೀಟು · ಸೋಮವಾರ ಬೆಳಿಗ್ಗೆ 9:26

ಮ್ಯಾಕ್3ರ ಪ್ಯಾರಲಲ್ ಪೋರ್ಟ್ ಡ್ರೈವರ್ 64 ಬಿಟ್ ವಿಂಡೋಸ್‌ನಲ್ಲಿ ಓಡುವುದೇ ಇಲ್ಲ. ಅದಕ್ಕಾಗಿ ಗುಜರಿಯಿಂದ ಇನ್ನೊಂದು ಹಳೆಯ ಕಂಪ್ಯೂಟರ್ ತರಬೇಕೇ? ಈಗಾಗಲೇ ಗ್ಯಾರೇಜಿನಲ್ಲಿ ಒಂದು ಟನ್ ಗುಜರಿ ಬರುತ್ತಿದೆ.

ಗ್ಯಾರೇಜ್ ಗಿರಾಕಿ · ಮುಂದಿನ ಭಾನುವಾರ ರಾತ್ರಿ 9:50

ವರದಿ ಒಪ್ಪಿಸುತ್ತಿದ್ದೇನೆ.

ಮೊದಲು ಕಾಲೇಜು. ಮುಸುಕು ತೆಗೆದೊಡನೆ ಜಿರಲೆ ಓಡಿದವು. ಟೇಬಲ್ ಮೇಲೆ ಅರ್ಧಚಂದ್ರ ಏಳು. ಎಕ್ಸ್ ಸ್ಕ್ರೂ ಬೆರಳಿಗೆ ತಿರುಗಿತು, ವೈ ಸ್ಕ್ರೂ ಅಲುಗಲೇ ಇಲ್ಲ. ಲ್ಯಾಬಿನವರು ‘ಇದು ಮೊದಲಿನಿಂದಲೂ ಸ್ವಲ್ಪ ಬಿಗಿ’ ಎಂದರು.

ಬುಧವಾರ ರಜೆ ಹಾಕಿ ಪೀಣ್ಯಕ್ಕೆ ಹೋದೆ. ಡಯಲ್ ಹೊರಗೆ ತೆಗೆದದ್ದೇ ತಡ, ಅಲ್ಲಿಯವರ ಮುಖ ಬದಲಾಯಿತು. ‘ಇದು ಎಚ್‌ಎಂಟಿ ಸಾರ್, ಡಯಲ್ ಹಾಕುವುದು ಬೇರೆ ಯಂತ್ರಗಳಿಗೆ’ ಎಂದರು. ಆದರೂ ಹಾಕಿದೆ. ನಡುವಿನಲ್ಲಿ ಮುಳ್ಳು 0.18 ಓಡಿತು. ಗಿಬ್ ಬಿಗಿ ಮಾಡಿ 0.02ಕ್ಕೆ ತಂದು ಹ್ಯಾಂಡಲ್ ತಿರುಗಿಸಿದೆ. ಎಡಕ್ಕೆ ಸುಮಾರು ಒಂದು ಗೇಣು ಹೋಗುವಷ್ಟರಲ್ಲಿ ಎರಡೂ ಕೈ ಹಾಕಿದರೂ ಕದಲಲಿಲ್ಲ. ಫಿಟ್ಟರ್ ಅವರು ಬರೆದದ್ದು ಅಕ್ಷರಶಃ ಕೈಗೆ ಸಿಕ್ಕಿತು. ಬೆರಳಿನಿಂದ ಸ್ಲೈಡ್ ಸವರಿದರೆ ಸವೆದ ಕಡೆ ಒಂದು ಅಂಚು ಉಗುರಿಗೇ ತಗಲುತ್ತಿತ್ತು. 1,90,000ಕ್ಕೆ ಇಳಿದರು. ಗೇಟಿನವರೆಗೂ ಬಂದು 1,70,000 ಎಂದರು.

ನಂಜನಗೂಡಿನದ್ದು ನೋಡಲು ಭಿಕಾರಿ. ನಡುವಿನಲ್ಲಿ 0.05, ಗಿಬ್ ಬಿಗಿ ಮಾಡಿದ ಮೇಲೆ ಎರಡೂ ತುದಿಗೆ ಸರಾಗವಾಗಿ ಹೋಯಿತು, ಬಲತುದಿಯಲ್ಲಿ ಸ್ವಲ್ಪ ಭಾರ ಅಷ್ಟೆ. ಸ್ಲೈಡ್ ಮೇಲೆ ಕೆರೆದ ಗುರುತುಗಳು ಇನ್ನೂ ಕಾಣುತ್ತಿವೆ. ಟೇಪರ್ ಆರ್8, ರನೌಟ್ (ತಿರುಗುವಾಗಿನ ಓಲಾಟ) 0.012. ಇಪ್ಪತ್ತು ನಿಮಿಷದ ಬಳಿಕ ಬೇರಿಂಗ್ ಹೂಬಿಸಿಲಿನಷ್ಟು ಬೆಚ್ಚಗೆ. ನಡೆಸುತ್ತಿದ್ದ ಹಿರಿಯ ಆಪರೇಟರ್ ಪಕ್ಕದಲ್ಲೇ ನಿಂತು ‘ನೀವು ತೆಗೆದುಕೊಂಡು ಹೋಗಿ, ಆದರೆ ದಿನಾ ಬೆಳಿಗ್ಗೆ 68 ನಂಬರ್ ಎಣ್ಣೆ ಹಾಕಿ’ ಎಂದರು. 1,35,000ಕ್ಕೆ ಮಾತಾಯಿತು. ಮುಂಗಡ ಕೊಟ್ಟೆ.

ಪೀಣ್ಯದ ಫಿಟ್ಟರ್ · ಮುಂದಿನ ಭಾನುವಾರ ರಾತ್ರಿ 9:58

ಆ ಆಪರೇಟರ್ ಅವರ ಫೋನ್ ನಂಬರ್ ಇಟ್ಟುಕೊಳ್ಳಿ. ಯಂತ್ರಕ್ಕಿಂತ ಅದು ಹೆಚ್ಚು ಬಾಳುತ್ತದೆ.

ಕಬ್ಬಿಣದ ಕಡಲೆ · ಮುಂದಿನ ಭಾನುವಾರ ರಾತ್ರಿ 10:20

ವೈ ಸ್ಕ್ರೂ ಸಿಕ್ಕಿಕೊಂಡಿದ್ದರೆ ಡೀಸೆಲ್‌ನಲ್ಲಿ ಎರಡು ದಿನ ನೆನೆಸಿದ್ದರೆ ಸಾಕಿತ್ತು. ಆದರೂ ಸರಿ, ಒಳ್ಳೆಯ ಕೆಲಸ ಮಾಡಿದಿರಿ. ಬಾಲ್ ಸ್ಕ್ರೂ ಕೊಳ್ಳುವಾಗ ಒಂದು ಮಾತು: ರೋಲ್ ಮಾಡಿದ ಸಿ7 ದರ್ಜೆಯಲ್ಲಿ 300 ಮಿ.ಮೀ.ಗೆ 0.05ರವರೆಗೆ ತಪ್ಪು ಬರಬಹುದು, ಗ್ರೈಂಡ್ ಮಾಡಿದ ಸಿ5ರಲ್ಲಿ 0.018. ನಿಮ್ಮ ಬ್ರಾಕೆಟ್‌ಗೆ ಸಿ7 ಸಾಕು. ಕೊಳ್ಳುವ ಮುನ್ನ ಸ್ಯಾಡಲ್ ಒಳಗಿನ ಗೂಡಿನಲ್ಲಿ ನಟ್ ಹಿಡಿಸುತ್ತದೆಯೇ ಅಳೆಯಿರಿ. ಹಿಡಿಸದೆ ಸ್ಯಾಡಲ್ ಕೊರೆಸಿದವರನ್ನು ನೋಡಿದ್ದೇನೆ, ಕೊನೆಗೆ ಅದು ಬಿರುಕು ಬಿಟ್ಟಿತು.

ಗ್ಯಾರೇಜ್ ಗಿರಾಕಿ · ನಾಲ್ಕು ತಿಂಗಳ ನಂತರ, ಭಾನುವಾರ ಮಧ್ಯಾಹ್ನ 3:15

ಬದುಕಿದ್ದೇನೆ. ಸಂಪ್ ಖಾಲಿ ಮಾಡಿ ಊರುಗೋಲು ಕೊಟ್ಟು, ಹೆಡ್ ತಲೆಕೆಳಗು ಮಾಡಿ, ಹೈಡ್ರಾ ಕ್ರೇನಿನಲ್ಲಿ ಇಳಿಸಿ, ಪೈಪ್ ಮೇಲೆ ಉರುಳಿಸಿ ಒಳಗೆ ತಂದೆವು. ಗ್ಯಾರೇಜಿನ ಗ್ರಿಲ್ ಎರಡಿಂಚು ಅಡ್ಡ ಬಂದು ಕತ್ತರಿಸಬೇಕಾಯಿತು. ಮೂರು ದಿನ ಮನೆಯಲ್ಲಿ ನೀರಿರಲಿಲ್ಲ, ಆ ವಿಷಯ ಇಲ್ಲಿ ಬೇಡ. ಮೋಟರ್‌ಗೆ ಆರು ವೈರ್ ತೆಗೆಸಿ ಡೆಲ್ಟಾ ಕಟ್ಟಿದೆ, ವಿಎಫ್‌ಡಿಯಲ್ಲಿ ಹುಲಿಯಂತೆ ಓಡುತ್ತಿದೆ. ಎಕ್ಸ್, ವೈಗೆ ದೊಡ್ಡ ನೆಮಾ 34 ಹಾಕಿದೆ. ನೆಮಾ 23ಗಳು ದೂರದರ್ಶಕದ ಪಾಲಾದವು. ಲಿನಕ್ಸ್‌ಸಿಎನ್‌ಸಿ, ಮೀಸೆ ಇನ್ನೂ ಕಪ್ಪಗಿದೆ.

ಆತುರಕ್ಕೆ ಹಳೆಯ ಸ್ಕ್ರೂಗಳಲ್ಲೇ ಒಂದು ಚೌಕ, ಅದರೊಳಗೆ 60 ಮಿ.ಮೀ. ವೃತ್ತ ಕೊರೆದೆ. 100 ಎಂದು ಬರೆದ ಚೌಕ ಅಳೆದಾಗ 101.6. ಎರಡು ಸಂಜೆ ಮೋಟರ್, ಬೆಲ್ಟ್, ಡ್ರೈವರ್ ಎಲ್ಲವನ್ನೂ ಅನುಮಾನಿಸಿದೆ. ಕೊನೆಗೆ ಹ್ಯಾಂಡಲ್ ಡಯಲ್ ಮೇಲಿನ ಗೆರೆ ಎಣಿಸಿದೆ, 200. 5 ಮಿ.ಮೀ. ಸ್ಕ್ರೂ ಎಂದು ನಂಬಿ ಮಿಲಿಮೀಟರ್‌ಗೆ ಮೋಟರ್ 320 ಸ್ಟೆಪ್ ಎಂದು ಹಾಕಿದ್ದೆ, 314.96 ಹಾಕಬೇಕಿತ್ತು. ವೃತ್ತದಲ್ಲಿ ನಾಲ್ಕು ದಿಕ್ಕಿಗೂ ಬೆರಳಿಗೆ ಸಿಗುವ ಮೆಟ್ಟಿಲು. ಅದು ಬ್ಯಾಕ್‌ಲಾಶ್, 0.25 ಇದೆ. ಬಾಲ್ ಸ್ಕ್ರೂಗೆ ಆರ್ಡರ್ ಕೊಟ್ಟಿದ್ದೇನೆ, ನಟ್ಟಿನ ಗೂಡು ಅಳೆದೇ ಕೊಟ್ಟಿದ್ದೇನೆ.

ವರ್ನಿಯರ್ · ನಾಲ್ಕು ತಿಂಗಳ ನಂತರ, ಭಾನುವಾರ ಮಧ್ಯಾಹ್ನ 3:40

ಬರೆದಿಟ್ಟುಕೊಳ್ಳಿ ಎಂದಿದ್ದೆ.

ಗ್ಯಾರೇಜ್ ಗಿರಾಕಿ · ನಾಲ್ಕು ತಿಂಗಳ ನಂತರ, ಭಾನುವಾರ ಮಧ್ಯಾಹ್ನ 3:42

ಬರೆದಿಟ್ಟಿದ್ದೆ ಮೇಡಂ. ಎಲ್ಲಿಟ್ಟೆ ಎಂದು ಬರೆದಿಟ್ಟಿರಲಿಲ್ಲ.

ಪೀಣ್ಯದ ಫಿಟ್ಟರ್ · ನಾಲ್ಕು ತಿಂಗಳ ನಂತರ, ಭಾನುವಾರ ರಾತ್ರಿ 7:05

ವೃತ್ತದ ಫೋಟೋ ಹಾಕಿ. ಅಂದ ಹಾಗೆ, ಆ ಎಫ್‌ಎನ್2ವಿ ಇನ್ನೂ ಅಲ್ಲೇ ಇದೆಯೇ? ಕಬ್ಬಿಣದ ತೂಕದ ಬೆಲೆಗೆ ಇಳಿದಿದ್ದರೆ ವಿಳಾಸ ಕಳಿಸಿ. ಹರಿಹರದವರೇ, ನಿಮ್ಮ ತಂದೆಯವರ ಕೆರೆಯುವ ಉಳಿ ಮನೆಯಲ್ಲಿದೆಯೇ?

ಹರಿಹರದವ · ನಾಲ್ಕು ತಿಂಗಳ ನಂತರ, ಭಾನುವಾರ ರಾತ್ರಿ 7:31

ನಾಲ್ಕಿವೆ. ಭಾನುವಾರ ಬರಲೇ?